ಫ್ರಿಜ್, ಫ್ರೀಜ್, ಫ್ರೈ: ‘ಚಳಿ’ ಎಂಬ ಲ್ಯಾಟಿನ್ ಬೇರು ಮತ್ತು ನಮ್ಮ ಮನೆಯ ಔಷಧ ಪೆಟ್ಟಿಗೆ

ಇನ್ಸುಲಿನ್ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಸೂಚನೆಗಳಿರುತ್ತವೆ. ಒಂದು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ‘ರೆಫ್ರಿಜರೇಟ್’ ಮಾಡಿ. ಇನ್ನೊಂದು, ‘ಡು ನಾಟ್ ಫ್ರೀಜ್’. ಫ್ರಿಜ್, ಫ್ರೀಜ್, ಫ್ರೀಜರ್ ಎಲ್ಲವೂ ನಮ್ಮ ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ‘ತಣ್ಣಗೆ ಇಡಬೇಕು ತಾನೇ, ಇನ್ನಷ್ಟು ತಣ್ಣಗಾದರೆ ಇನ್ನೂ ಒಳ್ಳೆಯದು’ ಅಂದುಕೊಂಡು ಔಷಧವನ್ನು ಮೇಲಿನ ಐಸ್ ಖಾನೆಗೆ ತಳ್ಳುವವರೂ ಇದ್ದಾರೆ. ಗಟ್ಟಿಯಾದ ಇನ್ಸುಲಿನ್ ಮತ್ತೆ ಕರಗಿದಾಗ ನೋಡಲು ಮೊದಲಿನ ಹಾಗೆಯೇ ಕಾಣಬಹುದು. ಆದರೆ ಅದರ ಶಕ್ತಿಯನ್ನು ನಂಬುವ ಹಾಗಿಲ್ಲ. ಉಮ್ಮ ದಿನಾ ಸರಿಯಾಗಿ ಚುಚ್ಚಿಕೊಳ್ಳುತ್ತಾರೆ, ಪಥ್ಯವೂ ಇದೆ, ಆದರೂ ಶುಗರ್ ಯಾಕೆ ಇಳಿಯುತ್ತಿಲ್ಲ ಅಂತ ಮನೆಮಂದಿ ತಲೆಕೆಡಿಸಿಕೊಳ್ಳುತ್ತಾರೆ.

ಕೇಳಲು ನೆಂಟರ ಹಾಗಿರುವ ‘ರೆಫ್ರಿಜರೇಟ್’ ಮತ್ತು ‘ಫ್ರೀಜ್’ ಪದಗಳು ನಿಜಕ್ಕೂ ಬೇರೆ ಬೇರೆ ಮನೆತನದವು. ಒಂದು ಲ್ಯಾಟಿನ್‌ನಿಂದ ಬಂದದ್ದು, ಇನ್ನೊಂದು ಇಂಗ್ಲಿಷಿನ ಹಳೆಯ ಜರ್ಮಾನಿಕ್ ಮೂಲದ್ದು. ಈ ವ್ಯತ್ಯಾಸ ಒಮ್ಮೆ ತಲೆಯಲ್ಲಿ ಕೂತರೆ ಔಷಧದ ಚೀಟಿ ಓದುವುದು ಸುಲಭ. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಕೋರ್ಸ್ ಓದುವ ಮಕ್ಕಳಿಗೆ ಹತ್ತಾರು ಪದಗಳು ಬಾಯಿಪಾಠ ಇಲ್ಲದೆ ಅರ್ಥವಾಗುತ್ತವೆ.

ಬೇರು ಒಂದು, ಕೊಂಬೆ ಹಲವು

ಲ್ಯಾಟಿನ್ ಭಾಷೆಯಲ್ಲಿ ‘ಫ್ರಿಗುಸ್’ ಎಂದರೆ ಚಳಿ. ‘ಫ್ರಿಗಿದುಸ್’ ಎಂದರೆ ತಣ್ಣಗಿರುವ. ‘ರೆಫ್ರಿಗೆರಾರೆ’ ಎಂದರೆ ತಂಪು ಮಾಡು, ಮತ್ತೆ ತಣಿಸು. ಅದರಲ್ಲಿರುವ ‘ರೆ’ಗೆ ‘ಮತ್ತೆ’ ಎಂಬ ಅರ್ಥವಿದೆ. ಬಿಸಿಯಾದದ್ದನ್ನು ಮೊದಲಿನ ತಂಪಿಗೆ ತರುವುದೇ ರೆಫ್ರಿಜರೇಷನ್.

ಮದ್ರಸದಲ್ಲಿ ಅರಬಿ ಕಲಿತವರಿಗೆ ಈ ಲೆಕ್ಕ ಹೊಸತಲ್ಲ. ಬಾ, ರಾ, ದಾಲ್ ಎಂಬ ಮೂರು ಅಕ್ಷರ ಹಿಡಿದುಕೊಂಡರೆ ಬರ್ದ್ ಅಂದರೆ ಚಳಿ, ಬಾರಿದ್ ಅಂದರೆ ತಣ್ಣಗಿನ, ತಬ್ರೀದ್ ಅಂದರೆ ತಣಿಸುವ ಕೆಲಸ. ಗಲ್ಫ್‌ನಲ್ಲಿ ಫ್ರಿಜ್, ಎಸಿ ರಿಪೇರಿ ಅಂಗಡಿಗಳ ಬೋರ್ಡಿನಲ್ಲಿ ‘ತಬ್ರೀದ್’ ಎಂಬ ಪದವನ್ನು ನೋಡದವರು ಕಡಿಮೆ. ಅರಬಿಯಷ್ಟು ಕಟ್ಟುನಿಟ್ಟಿನ ನಿಯಮ ಲ್ಯಾಟಿನ್‌ನಲ್ಲಿ ಇಲ್ಲ. ಆದರೆ ‘ಫ್ರಿಗ್’ ಎಂಬ ತುಂಡು ಕಂಡಲ್ಲೆಲ್ಲ ಚಳಿಯ ವಾಸನೆ ಹುಡುಕಬಹುದು.

ಶಾಲೆಯ ಭೂಗೋಳದಲ್ಲಿ ಬರುವ ‘ಫ್ರಿಜಿಡ್ ಝೋನ್’, ಅಂದರೆ ಶೀತ ವಲಯ, ಈ ಬೇರಿನದ್ದೇ. ‘ರೆಫ್ರಿಜರೆಂಟ್’ ಎಂದರೆ ತಣಿಸುವ ವಸ್ತು. ಎಸಿ ಮೆಕ್ಯಾನಿಕ್‌ಗಳು ಸುಮ್ಮನೆ ‘ಗ್ಯಾಸ್’ ಅಂತ ಕರೆಯುವುದು ಇದನ್ನೇ. ಸಿಲಿಂಡರ್ ಮೇಲೆ ಬರೆದಿರುವ ಆರ್-32, ಆರ್-134ಎ ಎಂಬ ಹೆಸರಿನಲ್ಲಿರುವ ‘ಆರ್’ ಕೂಡ ರೆಫ್ರಿಜರೆಂಟ್ ಪದದ ಮೊದಲ ಅಕ್ಷರ. ಅಪಾಯದ ನಡುವೆಯೂ ವಿಚಲಿತನಾಗದವನ ಗುಣಕ್ಕೆ ಇಂಗ್ಲಿಷಿನಲ್ಲಿ ‘ಸಾಂಗ್‌ಫ್ರಾ’ ಎನ್ನುತ್ತಾರೆ. ಅದು ಫ್ರೆಂಚ್‌ನಿಂದ ಬಂದದ್ದು, ಅಕ್ಷರಶಃ ‘ತಣ್ಣನೆಯ ರಕ್ತ’. ಅದರಲ್ಲಿರುವ ‘ಫ್ರಾ’, ಇಟಾಲಿಯನ್ನಿನ ‘ಫ್ರೆದ್ದೋ’, ಸ್ಪ್ಯಾನಿಷಿನ ‘ಫ್ರಿಯೋ’ ಎಲ್ಲವೂ ಫ್ರಿಗಿದುಸ್‌ನ ಮಕ್ಕಳು. ಮೈ ಝುಂ ಎನ್ನುವ ಅನುಭವಕ್ಕೆ ಹೇಳುವ ‘ಫ್ರಿಸಾನ್’ ಕೂಡ ಚಳಿಗೆ ನಡುಗುವುದರಿಂದಲೇ ಬಂದಿದೆ.

ಉಚ್ಚಾರದಲ್ಲಿ ಒಂದು ಗುಟ್ಟಿದೆ. ಲ್ಯಾಟಿನ್‌ನಲ್ಲಿ ‘ಗ’ ಇದ್ದದ್ದು ಇಂಗ್ಲಿಷಿನಲ್ಲಿ ಇ ಅಥವಾ ಐ ಅಕ್ಷರದ ಮುಂದೆ ‘ಜ’ ಆಗುತ್ತದೆ. ಹಾಗಾಗಿ ಫ್ರಿಜಿಡ್, ರೆಫ್ರಿಜರೇಟರ್. ಓ ಅಕ್ಷರ ಬಂದರೆ ‘ಗ’ ಹಾಗೇ ಉಳಿಯುತ್ತದೆ. ಚಳಿ ಹುಟ್ಟಿಸುವುದಕ್ಕೆ ‘ಫ್ರಿಗರಿಫಿಕ್’ ಎನ್ನುವುದು ಅದಕ್ಕೇ. ‘ಫ್ರಿಜ್’ ಪದದ ಸ್ಪೆಲ್ಲಿಂಗ್‌ನಲ್ಲಿ ನಡುವೆ ಡಿ ಅಕ್ಷರ ನುಸುಳಿದ್ದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ‘ಬ್ರಿಜ್’ ಪದದ ಹಾಗೆ ಬರೆದರೆ ‘ಜ’ ಎಂದೇ ಓದಬೇಕು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಜ್ವರದ ವಾರ್ಡಿನಿಂದ ಅಡುಗೆಮನೆಗೆ

ರೆಫ್ರಿಜರೇಟರ್ ಎಂಬ ಹೆಸರು ವಿದ್ಯುತ್ತಿಗಿಂತ ಹಳೆಯದು. ಅಮೆರಿಕದ ಮೇರಿಲ್ಯಾಂಡ್‌ನ ರೈತ ಥಾಮಸ್ ಮೂರ್ 1803ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಗೆ ಈ ಹೆಸರಿಟ್ಟಿದ್ದ. ಅದರಲ್ಲಿ ಯಂತ್ರ ಇರಲಿಲ್ಲ. ಮರದ ತೊಟ್ಟಿ, ಒಳಗೊಂದು ಲೋಹದ ಡಬ್ಬ, ನಡುವೆ ಮಂಜುಗಡ್ಡೆ, ಅಷ್ಟೇ. ಬೆಣ್ಣೆ ಕರಗದ ಹಾಗೆ ಪೇಟೆಗೆ ಒಯ್ಯುವುದು ಅವನ ಉದ್ದೇಶವಾಗಿತ್ತು.

ಯಂತ್ರದಿಂದ ಚಳಿ ಹುಟ್ಟಿಸುವ ಕೆಲಸಕ್ಕೆ ಕೈಹಾಕಿದವರಲ್ಲಿ ಒಬ್ಬ ಡಾಕ್ಟರ್ ಇದ್ದ. ಫ್ಲೋರಿಡಾದ ಅಪಲಾಚಿಕೋಲಾ ಬಂದರು ಊರಿನ ಜಾನ್ ಗೋರಿ. 1840ರ ದಶಕದಲ್ಲಿ ಅಲ್ಲಿ ಮಲೇರಿಯಾ, ಹಳದಿ ಜ್ವರದ ಕಾಟ ವಿಪರೀತ. ರೋಗಿಗಳ ಕೋಣೆಯ ಮೇಲ್ಛಾವಣಿಯ ಬಳಿ ಮಂಜುಗಡ್ಡೆಯ ಪಾತ್ರೆ ತೂಗುಹಾಕಿ, ತಣ್ಣನೆಯ ಗಾಳಿ ಕೆಳಗಿಳಿಯುವ ಹಾಗೆ ಆತ ಮಾಡಿದ. ಆದರೆ ಬಿಸಿಲೂರಿಗೆ ಉತ್ತರದ ಕೆರೆಗಳಿಂದ ಹಡಗಿನಲ್ಲಿ ಮಂಜುಗಡ್ಡೆ ತರಿಸಬೇಕಿತ್ತು. ಬೇಸತ್ತ ಗೋರಿ ಗಾಳಿಯನ್ನು ಒತ್ತಿ, ಮತ್ತೆ ಹಿಗ್ಗಲು ಬಿಟ್ಟು ಚಳಿ ಹುಟ್ಟಿಸುವ ಯಂತ್ರ ಕಟ್ಟಿದ. 1851ರಲ್ಲಿ ಪೇಟೆಂಟ್ ಸಿಕ್ಕಿತು, ಹಣ ಹಾಕುವವರು ಸಿಗಲಿಲ್ಲ. 1855ರಲ್ಲಿ ಆತ ತೀರಿಕೊಂಡ. ಒತ್ತಿ ಹಿಗ್ಗಿಸುವ ಆ ತತ್ವ ಬೇರೆ ರೂಪದಲ್ಲಿ ಇಂದಿನ ಫ್ರಿಜ್ಜಿನಲ್ಲೂ ಇದೆ.

1918ರಲ್ಲಿ ಜನರಲ್ ಮೋಟರ್ಸ್‌ನ ವಿಲಿಯಂ ಡ್ಯುರಾಂಟ್ ಅಮೆರಿಕದ ಒಂದು ಸಣ್ಣ ಕಂಪನಿಯನ್ನು ಕೊಂಡು ಅದಕ್ಕೆ ‘ಫ್ರಿಜಿಡೇರ್’ ಎಂದು ಹೆಸರಿಟ್ಟ. ಆ ಬ್ರ್ಯಾಂಡ್ ಎಷ್ಟು ಹೆಸರು ಮಾಡಿತೆಂದರೆ ಫ್ರಾನ್ಸ್‌ನಲ್ಲಿ ಯಾವ ಕಂಪನಿಯ ಫ್ರಿಜ್ಜಿಗೂ ‘ಫ್ರಿಜಿಡೇರ್’ ಎನ್ನುವ ರೂಢಿ ಬಂತು, ನಮ್ಮಲ್ಲಿ ಯಾವ ಫೋಟೋಕಾಪಿಗೂ ‘ಝೆರಾಕ್ಸ್’ ಅನ್ನುವ ಹಾಗೆ. ‘ಫ್ರಿಜ್’ ಎಂಬ ಗಿಡ್ಡ ಹೆಸರು ಗಟ್ಟಿಯಾಗಲು ರೆಫ್ರಿಜರೇಟರ್ ಜೊತೆಗೆ ಈ ಬ್ರ್ಯಾಂಡ್ ಕೂಡ ಕಾರಣ ಅಂತ ನಿಘಂಟುಕಾರರು ಹೇಳುತ್ತಾರೆ.

ಬಂದರಿನಲ್ಲಿ, ಮೀನಿನ ವ್ಯಾಪಾರದಲ್ಲಿ ಇರುವವರಿಗೆ ‘ರೀಫರ್’ ಗೊತ್ತು. ಅದು ರೆಫ್ರಿಜರೇಟೆಡ್ ಕಂಟೇನರ್‌ನ ಬಾಯಿಮಾತಿನ ರೂಪ. ‘ಫ್ರಿಗೊರಿಫಿಕ್’ ಎಂಬ ಹೆಸರಿನ ಫ್ರೆಂಚ್ ಹಡಗು 1876ರಲ್ಲಿ ರುವಾಂ ಬಂದರಿನಿಂದ ಹೊರಟು ಮಾಂಸವನ್ನು ತಂಪಾಗಿಟ್ಟುಕೊಂಡೇ ಅರ್ಜೆಂಟೀನಾ ತಲುಪಿತ್ತು. ಇಂದಿಗೂ ದಕ್ಷಿಣ ಅಮೆರಿಕದಲ್ಲಿ ಮಾಂಸ ಸಂಸ್ಕರಿಸುವ ಕಾರ್ಖಾನೆಗೆ ‘ಫ್ರಿಗೊರಿಫಿಕೊ’ ಎನ್ನುತ್ತಾರೆ. ಗಲ್ಫ್‌ನ ಅಂಗಡಿಗಳಿಗೆ ಬರುವ ಬ್ರೆಜಿಲ್ ಕೋಳಿ ಹೊರಡುವುದು ಅಂಥ ಫ್ರಿಗೊರಿಫಿಕೊಗಳಿಂದಲೇ.

ಮುಖ ಒಂದೇ, ಮನೆತನ ಬೇರೆ

ಈಗ ಮೋಸ ಮಾಡುವ ಮೂರು ಪದಗಳನ್ನು ನೋಡಬೇಕು.

ಮೊದಲನೆಯದು ‘ಫ್ರೀಜ್’. ಇದು ಫ್ರಿಗುಸ್‌ನ ಮಗುವಲ್ಲ. ಹಳೆಯ ಇಂಗ್ಲಿಷಿನ ‘ಫ್ರೆಯೊಸಾನ್’ ಎಂಬ ಕ್ರಿಯಾಪದದಿಂದ ಬಂದದ್ದು. ‘ಫ್ರಾಸ್ಟ್’ ಇದರ ಒಡಹುಟ್ಟು. ಲ್ಯಾಟಿನ್‌ನಲ್ಲಿ ಇದಕ್ಕೆ ನೆಂಟಸ್ತಿಕೆ ಇರುವ ಪದ ‘ಪ್ರುಯಿನಾ’, ಅಂದರೆ ಹೆಪ್ಪುಗಟ್ಟಿದ ಇಬ್ಬನಿ. ಅರ್ಥದಲ್ಲೂ ಅದೇ ವ್ಯತ್ಯಾಸ. ರೆಫ್ರಿಜರೇಟ್ ಎಂದರೆ ತಣಿಸುವುದು, ಫ್ರೀಜ್ ಎಂದರೆ ಗಡ್ಡೆ ಕಟ್ಟಿಸುವುದು. ಗಲ್ಫ್‌ನ ಸೂಪರ್ ಮಾರ್ಕೆಟಿನಲ್ಲಿ ‘ಮುಬರ್ರದ್’ ಕೋಳಿ ಬೇರೆ, ‘ಮುಜಮ್ಮದ್’ ಕೋಳಿ ಬೇರೆ. ಮೊದಲನೆಯದು ತಂಪಾಗಿಟ್ಟದ್ದು, ಎರಡನೆಯದು ಕಲ್ಲಿನ ಹಾಗೆ ಗಟ್ಟಿಯಾದದ್ದು. ಬೆಲೆಯೂ ಒಂದೇ ಇರುವುದಿಲ್ಲ. ಕೋಳಿಯಲ್ಲಿ ಗುರುತಿಸುವ ಈ ಭೇದವನ್ನು ಔಷಧದಲ್ಲೂ ಗುರುತಿಸಿದರೆ ಆಯಿತು.

ಎರಡನೆಯದು ‘ಫ್ರೈ’. ಇದು ಇನ್ನೂ ತಮಾಷೆ. ಲ್ಯಾಟಿನ್‌ನಲ್ಲಿ ‘ಫ್ರಿಗೇರೆ’ ಎಂದರೆ ತಣ್ಣಗಿರುವುದು. ಅದೇ ಸ್ಪೆಲ್ಲಿಂಗ್‌ನ ‘ಫ್ರಿಗೆರೆ’ ಎಂಬ ಇನ್ನೊಂದು ಕ್ರಿಯಾಪದವಿದೆ, ಅದರ ಅರ್ಥ ಹುರಿಯುವುದು. ‘ಗೇ’ ದೀರ್ಘವೋ ‘ಗೆ’ ಹ್ರಸ್ವವೋ ಎಂಬುದಷ್ಟೇ ವ್ಯತ್ಯಾಸ. ಹುರಿಯುವ ಫ್ರಿಗೆರೆಯಿಂದ ಫ್ರೆಂಚ್ ಮೂಲಕ ಬಂದದ್ದು ಫ್ರೈ. ಅಂದರೆ ಫ್ರೆಂಚ್ ಫ್ರೈಸ್, ಫಿಶ್ ಫ್ರೈ ಒಂದು ಬೇರಿನವು. ಆ ಮೀನನ್ನು ಇಟ್ಟ ಫ್ರಿಜ್ ಅದೇ ಮುಖದ ಇನ್ನೊಂದು ಬೇರಿನದು. ಬರೀ ಅಕ್ಷರ ನೋಡಿ ಬೇರು ಹೇಳಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಮೂರನೆಯದು ‘ರಿಗರ್’. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ‘ಫೀವರ್ ವಿತ್ ಚಿಲ್ಸ್ ಆ್ಯಂಡ್ ರಿಗರ್ಸ್’ ಎಂದು ಬರೆಯುತ್ತಾರೆ. ಚಳಿಜ್ವರ, ಮೈ ಗಡಗಡ ನಡುಕ ಅಂತ ಅರ್ಥ. ಫ್ರಿಗರ್ ಎಂಬುದರ ಮೊದಲ ಅಕ್ಷರ ಬಿದ್ದುಹೋದ ಹಾಗೆ ಕಾಣುತ್ತದೆ, ಆದರೆ ಇದರ ಲ್ಯಾಟಿನ್ ಮೂಲದ ಅರ್ಥ ‘ಸೆಟೆದುಕೊಳ್ಳುವುದು’. ಸತ್ತ ಮೇಲೆ ದೇಹ ಸೆಟೆಯುವುದಕ್ಕೆ ‘ರಿಗರ್ ಮಾರ್ಟಿಸ್’ ಎನ್ನುವುದು ಇದೇ ಪದದಿಂದ. ದೇಹ ತಣ್ಣಗಾಗುವುದಕ್ಕೆ ಹೇಳುವುದು ‘ಆಲ್ಗರ್ ಮಾರ್ಟಿಸ್’. ಲ್ಯಾಟಿನ್‌ನಲ್ಲಿ ಚಳಿಗೆ ಇನ್ನೊಂದು ಹೆಸರು ಆಲ್ಗರ್.

ಬಾಗ್ದಾದಿನ ಔಷಧಶಾಸ್ತ್ರದಿಂದ ಫೀಲ್ಡ್ ಆಸ್ಪತ್ರೆಗೆ

‘ಇದು ತಂಪು, ಅದು ಉಷ್ಣ’ ಎಂದು ಆಹಾರವನ್ನು ಭಾಗ ಮಾಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಈಗಲೂ ಇದೆ. ಗ್ರೀಕರು, ಅರಬರು, ಯುರೋಪಿನವರು ಎಲ್ಲರೂ ಶತಮಾನಗಳ ಕಾಲ ಹೀಗೇ ಲೆಕ್ಕ ಹಾಕಿದ್ದರು. ಬಾಗ್ದಾದಿನಲ್ಲಿ ಗ್ರೀಕ್ ವೈದ್ಯಗ್ರಂಥಗಳು ಅರಬಿಗೆ ಬಂದ ಮೇಲೆ ಬೆಳೆದ ಪರಂಪರೆಯಲ್ಲಿ ಇಬ್ನ್ ಸೀನಾ ದೊಡ್ಡ ಹೆಸರು. 1037ರಲ್ಲಿ ತೀರಿಕೊಂಡ ಅವರ ‘ಅಲ್ ಖಾನೂನ್ ಫಿತ್ತಿಬ್ಬ್’ ಗ್ರಂಥವನ್ನು 12ನೇ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಲ್ಯಾಟಿನ್ನಿಗೆ ತಂದ. ಅರಬಿಯ ‘ಬಾರಿದ್’ ಅಲ್ಲಿ ‘ಫ್ರಿಗಿದುಸ್’ ಆಯಿತು. ಯುರೋಪಿನ ವೈದ್ಯ ವಿದ್ಯಾರ್ಥಿಗಳು ನೂರಾರು ವರ್ಷ ಆ ಪುಸ್ತಕ ಓದಿಯೇ ಡಾಕ್ಟರಾದರು.

ಅದೇ ಆಲೋಚನೆಯ ಮುಂದುವರಿಕೆಯಾಗಿ ಯುರೋಪಿನ ಹಳೆಯ ಔಷಧ ಪುಸ್ತಕಗಳಲ್ಲಿ ‘ರೆಫ್ರಿಜರೆಂಟ್’ ಎಂಬ ಗುಂಪೇ ಇತ್ತು. ಜ್ವರದ ತಾಪ ಇಳಿಸುವ, ದಾಹ ತಣಿಸುವ ಮದ್ದುಗಳು. ನಿಂಬೆರಸ ಅದರಲ್ಲಿತ್ತು, ಹುಣಸೆಹಣ್ಣೂ ಇತ್ತು. ಹುಣಸೆಗೆ ಇಂಗ್ಲಿಷಿನಲ್ಲಿ ಇರುವ ‘ಟ್ಯಾಮರಿಂಡ್’ ಎಂಬ ಹೆಸರು ಅರಬಿಯ ‘ತಮ್ರ್ ಹಿಂದಿ’, ಅಂದರೆ ಹಿಂದ್‌ನ ಖರ್ಜೂರ. ಇಂದು ಎಸಿ ಮೆಕ್ಯಾನಿಕ್ ತುಂಬುವ ಗ್ಯಾಸಿಗೂ ಅಂದು ವೈದ್ಯರು ಕುಡಿಸುತ್ತಿದ್ದ ಹುಣಸೆ ಪಾನಕಕ್ಕೂ ಒಂದೇ ಹೆಸರು!

ಚಳಿ ನೋವನ್ನೂ ಮರಗಟ್ಟಿಸುತ್ತದೆ. 1807ರ ಫೆಬ್ರವರಿಯಲ್ಲಿ ಪ್ರಷ್ಯಾದ ಐಲಾವ್‌ನಲ್ಲಿ ನಡೆದ ಯುದ್ಧದಲ್ಲಿ ನೆಪೋಲಿಯನ್‌ನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಇದನ್ನು ಗಮನಿಸಿದ. ಕೊರೆಯುವ ಹಿಮದಲ್ಲಿ ಬಿದ್ದಿದ್ದ ಗಾಯಾಳುಗಳ ಕೈಕಾಲು ಕತ್ತರಿಸುವಾಗ ಅವರಿಗೆ ಅಷ್ಟಾಗಿ ನೋವಾಗುತ್ತಿರಲಿಲ್ಲ. ಅರಿವಳಿಕೆಯಾಗಿ ಈಥರ್ ಬಳಕೆಗೆ ಬಂದದ್ದು 1846ರಲ್ಲಿ, ಅಂದರೆ ಸುಮಾರು 40 ವರ್ಷದ ನಂತರ. ಮುಂದೆ ಇಂಗ್ಲೆಂಡಿನ ಜೇಮ್ಸ್ ಆರ್ನಾಟ್ ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣದಿಂದ ಚರ್ಮವನ್ನು ಮರಗಟ್ಟಿಸಿದ. 1940ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಆ್ಯಲನ್ ಮತ್ತು ಜೊತೆಗಾರರು ರಕ್ತಸಂಚಾರ ನಿಂತು ಕೊಳೆತ ಕಾಲನ್ನು ಮಂಜುಗಡ್ಡೆಯಲ್ಲಿಟ್ಟು ಶಸ್ತ್ರಚಿಕಿತ್ಸೆ ಮಾಡುವ ಕ್ರಮ ಬೆಳೆಸಿದರು. ಅದಕ್ಕೆ ‘ರೆಫ್ರಿಜರೇಷನ್ ಅನಸ್ತೇಸಿಯಾ’ ಎಂಬ ಹೆಸರು ಬಂತು. ಇನ್ಸುಲಿನ್ ಸಿಗುವ ಮೊದಲು ಸಕ್ಕರೆ ಕಾಯಿಲೆಯವರನ್ನು ಉಪವಾಸದ ಪಥ್ಯದಿಂದ ಬದುಕಿಸಲು ಹೆಣಗಿದ್ದ ಡಾಕ್ಟರ್ ಕೂಡ ಇದೇ ಆ್ಯಲನ್.

ಇಂದಿನ ಆಸ್ಪತ್ರೆಗಳಲ್ಲಿ ಹೆಚ್ಚು ಕೇಳಿಸುವುದು ‘ಕ್ರಯೋ’. ಕ್ರಯೋಥೆರಪಿ, ಕ್ರಯೋಸರ್ಜರಿ ಇತ್ಯಾದಿ. ಅದು ಲ್ಯಾಟಿನ್ ಅಲ್ಲ, ಗ್ರೀಕ್. ಆದರೂ ವೈದ್ಯಕೀಯ ನಿಘಂಟಿನಲ್ಲಿ ಫ್ರಿಗ್ ಬೇರಿನ ಒಂದು ಜೋಡಿ ಪದ ಉಳಿದುಕೊಂಡಿದೆ. ಚಳಿಗೆ ಕೆಟ್ಟುಹೋಗುವುದು ‘ಫ್ರಿಗೋಲೇಬೈಲ್’, ಚಳಿಯನ್ನು ತಡೆದುಕೊಳ್ಳುವುದು ‘ಫ್ರಿಗೋಸ್ಟೇಬಲ್’. ಇನ್ಸುಲಿನ್ ಸೆಕೆಗೂ ಕೆಡುತ್ತದೆ, ಅತಿ ಚಳಿಗೂ ಕೆಡುತ್ತದೆ. ಗಡ್ಡೆ ಕಟ್ಟಿದಾಗ ಅದರ ಪ್ರೋಟೀನ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳಬಹುದು, ಕರಗಿಸಿದರೂ ಮೊದಲಿನ ರೂಪಕ್ಕೆ ಬರುತ್ತದೆಂಬ ಭರವಸೆ ಇಲ್ಲ.

ಹೆಣ್ಣಿನ ಮೇಲೆ ಹೊರಿಸಿದ ಪದ

ಈ ಬೇರಿನ ಒಂದು ಪದ ಬಹಳ ಜನರನ್ನು ನೋಯಿಸಿದೆ. ದಾಂಪತ್ಯದಲ್ಲಿ ಆಸಕ್ತಿ ಕಡಿಮೆ ಇರುವ ಹೆಂಗಸನ್ನು ‘ಫ್ರಿಜಿಡ್’ ಎನ್ನುವುದು, ಅದನ್ನೇ ‘ಫ್ರಿಜಿಡಿಟಿ’ ಎಂಬ ಕಾಯಿಲೆಯಾಗಿ ಬರೆಯುವುದು ವೈದ್ಯಲೋಕದಲ್ಲೂ ನಡೆದಿತ್ತು. ನೋವಿರಬಹುದು, ಹೆರಿಗೆಯ ನಂತರದ ದಣಿವಿರಬಹುದು, ಹಾರ್ಮೋನ್ ತೊಂದರೆ, ಖಿನ್ನತೆ, ಭಯ, ಮನೆಯೊಳಗಿನ ಬಿರುಕು ಏನೂ ಇರಬಹುದು. ಆ ಒಂದು ಪದ ಇದ್ಯಾವುದನ್ನೂ ಕೇಳದೆ ತಪ್ಪನ್ನೆಲ್ಲ ಆಕೆಯ ಸ್ವಭಾವದ ಮೇಲೆ ಹಾಕುತ್ತಿತ್ತು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಹೊರತಂದ ಮಾನಸಿಕ ಕಾಯಿಲೆಗಳ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ರೋಗದ ಹೆಸರಾಗಿ ಅದನ್ನು ಬಿಟ್ಟು ಬೇರೆ ಹೆಸರು ಬಳಸಿತು. ಈಗ ಅದನ್ನು ಯಾರಾದರೂ ಬಳಸಿದರೆ ಅದು ರೋಗನಿರ್ಣಯವಲ್ಲ, ಬೈಗುಳ. ತೊಂದರೆ ಇದ್ದವರು ನಾಚಿಕೆಪಡದೆ ಡಾಕ್ಟರರನ್ನು ಕಾಣಬಹುದು.

ಬಿಸಿಲ ನಾಡಿನಲ್ಲಿ ತಂಪು ಎಂದರೆ ಹರಕೆಯೇ ಹೊರತು ಬೈಗುಳ ಅಲ್ಲ. ಕನ್ನಡದಲ್ಲಿ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹಾರೈಸುತ್ತಾರೆ. ರೋಮನ್ ಕಾಲದ ಉತ್ತರ ಆಫ್ರಿಕಾದ ಲ್ಯಾಟಿನ್‌ನಲ್ಲೂ ‘ರೆಫ್ರಿಗೇರಿಯುಂ’ ಎಂದರೆ ದಣಿವು ಆರಿಸುವ ತಂಪು, ತೀರಿಹೋದವರಿಗೆ ಬಯಸುವ ನೆಮ್ಮದಿ. ಅದೇ ಬೇರು ಇಷ್ಟು ಬೇರೆ ಬೇರೆ ಹಣ್ಣು ಬಿಟ್ಟಿದೆ.

ಮತ್ತೆ ಔಷಧದ ಚೀಟಿಗೆ

ಚೀಟಿಯಲ್ಲಿ ‘ರೆಫ್ರಿಜರೇಟ್’ ಎಂದಿದ್ದರೆ 2ರಿಂದ 8 ಡಿಗ್ರಿ. ಫ್ರಿಜ್ಜಿನ ಕೆಳಗಿನ ಭಾಗ, ಫ್ರೀಜರ್ ಅಲ್ಲ. ‘ಕೂಲ್ ಪ್ಲೇಸ್’ ಎಂದಿದ್ದರೆ ಸಾಮಾನ್ಯವಾಗಿ 25 ಡಿಗ್ರಿ ಮೀರದ ಜಾಗ. ‘ಡು ನಾಟ್ ಫ್ರೀಜ್’ ಎಂದಿದ್ದರೆ ಗಡ್ಡೆ ಕಟ್ಟಲೇಬಾರದು.

ತೆರೆಯದ ಇನ್ಸುಲಿನ್ ಅನ್ನು ಡಬ್ಬದಲ್ಲಿ ಹಾಕಿ ಫ್ರಿಜ್ಜಿನ ಮಧ್ಯದ ತಟ್ಟೆಯಲ್ಲಿ ಇಡುವುದು ಒಳ್ಳೆಯದು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನಲ್ಲಿ ಐಸ್ ಖಾನೆಯ ಕೆಳಗೇ ಇರುವ ಟ್ರೇ, ಹಿಂದಿನ ಗೋಡೆಗೆ ತಾಗುವ ಜಾಗ ಎರಡೂ ಬೇಡ, ಅಲ್ಲಿಯೂ ಗಡ್ಡೆ ಕಟ್ಟಬಹುದು. ಬಳಸಲು ಶುರು ಮಾಡಿದ ಪೆನ್ ಅಥವಾ ಬಾಟಲಿಯನ್ನು ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ಸುಮಾರು 4 ವಾರ ಹೊರಗೆ ಇಡಬಹುದು. ಎಷ್ಟು ದಿನ, ಎಷ್ಟು ಡಿಗ್ರಿವರೆಗೆ ಎನ್ನುವುದು ಒಳಗಿರುವ ಕಾಗದದಲ್ಲಿ ಇರುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಕರೆಂಟ್ ಇಲ್ಲದಿದ್ದರೆ ನೀರು ಒಸರುವ ಮಣ್ಣಿನ ಮಡಕೆಯೊಳಗೆ, ಒದ್ದೆಯಾಗದ ಡಬ್ಬದಲ್ಲಿ ಇಡುವುದು ಹಳೆಯ ಒಳ್ಳೆಯ ಉಪಾಯ. ಗಾಳಿ ಒಣಗಿದ್ದಷ್ಟೂ ಮಡಕೆ ಹೆಚ್ಚು ತಣಿಸುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಒಳನಾಡಿನಷ್ಟು ತಂಪು ಸಿಗದು.

ಊರಿನಿಂದ ಗಲ್ಫ್‌ಗೆ ಇನ್ಸುಲಿನ್ ಒಯ್ಯುವವರು ಅದನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕಬಾರದು. ವಿಮಾನದ ಸಾಮಾನು ಖಾನೆಯಲ್ಲಿ ವಿಪರೀತ ಚಳಿಯಾಗಬಹುದು. ಡಾಕ್ಟರರ ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ. ಐಸ್ ಪ್ಯಾಕ್ ಹಾಕಿದರೆ ನಡುವೆ ಬಟ್ಟೆ ಸುತ್ತಿರಬೇಕು, ನೇರವಾಗಿ ತಾಗಬಾರದು. ಇಳಿದ ಮೇಲೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬಾರದು.

ಲಸಿಕೆಗಳದ್ದೂ ಇದೇ ಕಥೆ. ಪೋಲಿಯೊ ಹನಿಗೆ ಗಡ್ಡೆ ಕಟ್ಟಿದರೂ ತೊಂದರೆ ಇಲ್ಲ, ಅದು ಫ್ರಿಗೋಸ್ಟೇಬಲ್. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್, ಟಿಡಿ ಲಸಿಕೆಗಳು ಫ್ರಿಗೋಲೇಬೈಲ್. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣ ಗಡ್ಡೆ ಕಟ್ಟಿದಾಗ ಗಂಟುಗಂಟಾಗಿ ಲಸಿಕೆಯ ಬಲ ಹೋಗುತ್ತದೆ. ಆರೋಗ್ಯ ಕಾರ್ಯಕರ್ತೆಯರು ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದ ತಕ್ಷಣ ಲಸಿಕೆ ಪೆಟ್ಟಿಗೆಗೆ ಹಾಕುವುದಿಲ್ಲ. ಅದು ಬೆವರಿ, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬರುವವರೆಗೆ ಕಾಯುತ್ತಾರೆ. ಲಸಿಕೆ ಬಾಟಲಿಯ ಮೇಲಿರುವ ಬಣ್ಣ ಬದಲಿಸುವ ಚೌಕ ಸೆಕೆ ತಾಗಿದ್ದನ್ನು ಮಾತ್ರ ಹೇಳುತ್ತದೆ, ಗಡ್ಡೆ ಕಟ್ಟಿದ್ದನ್ನು ಹೇಳುವುದಿಲ್ಲ. ಸಂಶಯ ಬಂದರೆ ಬಾಟಲಿಯನ್ನು ಅಲುಗಾಡಿಸಿ ಪರೀಕ್ಷಿಸುವ ಕ್ರಮ ಅವರಿಗೆ ಗೊತ್ತಿರುತ್ತದೆ.

ಮನೆಯಲ್ಲಿ ಆ ಪರೀಕ್ಷೆ ಮಾಡಲು ಹೋಗಬೇಡಿ. ಇನ್ಸುಲಿನ್ ಒಮ್ಮೆ ಗಡ್ಡೆ ಕಟ್ಟಿದ್ದು ಗೊತ್ತಾದರೆ, ಎಷ್ಟೇ ದುಬಾರಿಯಾಗಿದ್ದರೂ, ನೋಡಲು ಎಷ್ಟೇ ತಿಳಿಯಾಗಿದ್ದರೂ ಅದನ್ನು ಬಿಟ್ಟು ಹೊಸದನ್ನು ತನ್ನಿ. ಇಂಗ್ಲಿಷ್ ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿಡಿ: ‘ಫ್ರಿಜ್ಜಿನಲ್ಲಿ ಇಡಿ, ಐಸ್ ಖಾನೆಯಲ್ಲಿ ಬೇಡ.’